ಹುಲಿಗೆಮ್ಮ ಕೇಳಿದ ಬಾಗಿಲು

ಗುರು ಸುಮ್ಮನಿದ್ದರೂ ಕಲಿಸುತ್ತಾನೆ, ಮುನಿದರೂ ಕಾಯುತ್ತಾನೆ. ಆ ನಂಬಿಕೆಯಿಂದಲೇ ಈ ನಾಲ್ಕು ಮಾತು.

ತುಂಗಭದ್ರೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಗುರುಪಾದಯ್ಯ ಅಜ್ಜನವರು. ಅವರ ಶಿಷ್ಯ ಮಾನಪ್ಪ ಬಡಿಗೇರ. ಸುತ್ತ ಹತ್ತೂರಿನಲ್ಲಿ ಯಾರು ಮನೆ ಕಟ್ಟಿದರೂ ಮೊದಲು ಮಾನಪ್ಪನೇ ಬಂದು ಹಗ್ಗ ಹಿಡಿಯಬೇಕು, ಶಾಸ್ತ್ರದಂತೆ ಅಳತೆಯ ಆಯ ನೋಡಬೇಕು. ಅವನ ಲೆಕ್ಕ ತಪ್ಪಿದ್ದಿಲ್ಲ.

ಒಂದು ಮುಂಜಾನೆ ಅವನು ಬಂದು ಅಜ್ಜನವರ ಪಾದಕ್ಕೆ ಎರಗಿದ. ಏಳಲಿಲ್ಲ.

"ಏನಾತೋ ಮಾನಪ್ಪ?"

"ಹುಲಿಗೆಮ್ಮ ತವರಿಗೆ ಹೋಗ್ಯಾಳ್ರಿ ಅಜ್ಜಾ. ಮೂರು ತಿಂಗಳಾತು. ಬರಂಗಿಲ್ಲ ಅಂತಾಳ."

"ಹೆಂಡತಿ ತವರಿಗೆ ಹೋದ್ರ ಮಠಕ್ಕ ಯಾಕ ಬಂದಿ?"

"ನಿಮ್ಮ ಮಾತು ಮೀರಾಕಿ ಅಲ್ರಿ ಆಕಿ. ಬಾ ಅಂತ ಒಂದು ಮಾತು ಹೇಳಿ ಕಳಸ್ರಿ."

"ಬೈದಿಯೇನು?"

"ಇಲ್ರಿ."

"ಹೊಡದಿಯೇನು?"

"ಶಿವ ಶಿವಾ! ಇಪ್ಪತ್ತೆರಡು ವರ್ಷದಾಗ ಒಂದು ಸಲಾನೂ ಕೈ ಎತ್ತಿಲ್ರಿ."

"ತವರಿನಾಗ ಅಂಥಾದ್ದೇನೈತಿ?"

"ಏನೂ ಇಲ್ರಿ. ಎರಡಂಕಣದ ಮನಿ, ಮಳಿ ಬಂದ್ರ ಸೋರತೈತಿ. ನನ್ನ ಮನಿ ನೋಡ್ರಿ, ಎಂಟಂಕಣ, ಸಾಗವಾನಿ ಕಂಬ. ಊರೂರಿಂದ ಮಂದಿ ನೋಡಾಕ ಬರ್ತಾರ."

"ಹೋಗುವಾಗ ಏನಂದ್ಲು?"

ಮಾನಪ್ಪ ನೆಲ ನೋಡಿದ. "'ನಿಮ್ಮ ಮನಿ ಭಾಳ ಚಂದ ಐತಿ. ಯಾವಾಗರೆ ನೋಡಾಕ ಬರ್ತೀನಿ' ಅಂದ್ಲ್ರಿ."

ಅಜ್ಜನವರ ತುಟಿಯ ತನಕ ನಗು ಬಂತು, ಅಲ್ಲೇ ನಿಂತಿತು.

"ಆ ಮನಿ ನನಗೂ ತೋರಸು."

ಹೊಳೆಯಂಚಿನ ಹಸಿ ಉಸುಕಿನ ಮೇಲೆ ಮಾನಪ್ಪ ಕಡ್ಡಿಯಿಂದ ಗೆರೆ ಎಳೆದ. ಇದು ತಲೆಬಾಗಿಲು, ಇದು ಪಡಸಾಲೆ, ಇದು ದೇವರ ಕೋಣೆ. ಹಿಂದೆ ಆಗ್ನೇಯಕ್ಕೆ ಅಡಿಗೆಮನೆ. ಅದರ ಗೋಡೆಯಾಚೆ ಹಿತ್ತಲು, ಬಾವಿ.

"ಬಾವಿ ಹತ್ತಿರ ಐತಲ್ಲ, ಚಲೋ ಆತು. ಹೋಗು, ಮಠದ ತಾಮ್ರದ ಕೊಡ ಹೊಳ್ಯಾಗ ತುಂಬಿ ತಾ."

ಮಾನಪ್ಪ ತಂದ.

"ಈಗ ನೀನೇ ಹುಲಿಗೆಮ್ಮ. ಅಡಿಗಿಮನಿಗೆ ನೀರು ಒಯ್ಯಿ."

ಅವನು ಬಾವಿಯಿಂದ ಅಡಿಗೆಮನೆಯ ಕಡೆಗೆ ಕಾಲೆತ್ತಿದ.

"ಹಾಂ! ಗ್ವಾಡಿ ಹಾರ್ತಿಯೇನು?"

ಮಾನಪ್ಪ ನಾಚಿ ನಕ್ಕು, ಕೊಡವನ್ನು ಸೊಂಟಕ್ಕಿಟ್ಟು, ಗೆರೆಗಳ ಸುತ್ತ ನಡೆದ. ಮನೆಯನ್ನು ಬಳಸಿ ಮುಂದೆ ಬಂದು ತಲೆಬಾಗಿಲು ಮುಟ್ಟಿದ. ಅಷ್ಟರಲ್ಲಿ ಅಜ್ಜನವರು ಪಡಸಾಲೆಯ ಗೆರೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದರು.

"ಗಂಡಸರು ಕುಂತು ಮಾತಾಡಾಕ ಹತ್ತೀವಿ. ಆಕಿ ಏನು ಮಾಡ್ತಿದ್ಲು?"

"ಬಾಗಲಾ ಮರಿಗೆ ನಿಂದರತಿದ್ಲ್ರಿ."

"ನಿಂದ್ರು."

ಅಜ್ಜನವರು ಎದುರಿನ ಬರಿಯ ಉಸುಕಿಗೆ ಹೇಳಿದರು. "ಬರ್ರಿ ಗೌಡ್ರ, ಕುಂದರ್ರಿ. ಈ ಸಲ ಜೋಳ ಹೆಂಗ ಬಂತು?"

ಜೋಳದ ಮಾತಾಯಿತು. ಗೌಡರ ಎತ್ತಿನ ಕೊಂಬಿನ ಮಾತಾಯಿತು. ಅಜ್ಜನವರು ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚಿದರು. ಮತ್ತೆ ಜೋಳಕ್ಕೆ ಬಂದರು.

ಮಾನಪ್ಪನ ಸೊಂಟ ಕಳಚತೊಡಗಿತು. ಕೊಡದ ನೀರು ತುಳುಕಿ ಧೋತರ ತೊಯ್ದಿತು.

ಆಗ ಅವನಿಗೊಂದು ದಿನ ನೆನಪಾಯಿತು. ಚೌಕಟ್ಟಿನ ಕೆತ್ತನೆಯ ಬಗ್ಗೆ ಯಾರಿಗೋ ಹೇಳುತ್ತ ಹೊತ್ತು ನೆತ್ತಿಗೇರಿತ್ತು. ತಲೆಬಾಗಿಲ ಮರೆಯಲ್ಲಿ ಬಳೆಯ ಸದ್ದು ಕೇಳಿತ್ತು. ಅವನು ತಿರುಗಿಯೂ ನೋಡದೆ ಕೂಗಿದ್ದ: "ಇಲ್ಲೇ ಅದಿಯೇನು? ಇನ್ನೆರಡು ಚಾ ತಾ."

"ಅಜ್ಜಾ, ಕೊಡ ಇಳಸ್ಲೇನ್ರಿ?"

"ಎಲ್ಲಿ ಇಳಸ್ತಿ? ಒಂದು ಕಟ್ಟಿ ಕಟ್ಟೀಯೇನು?"

ಮಾನಪ್ಪ ಕೊಡ ಇಳಿಸಲಿಲ್ಲ.

ಅಜ್ಜನವರು ಮೆಲ್ಲಗೆ ಕೇಳಿದರು. "ಹಿತ್ತಲ ಬಾಗಲಾ ಯಾಕ ಇಡಲಿಲ್ಲ?"

"ಮೊದಲ ಇಟ್ಟಿದ್ದೆರಿ. ಎಣಿಸಿದ್ರ ಬಾಗಲಾ ಕಿಡಕಿ ಕೂಡಿ ಹದಿನೈದಾದ್ವು. ಬೆಸ ಬರಬಾರದು, ಸರಿಸಂಖ್ಯೆ ಬರಬೇಕ್ರಿ. ಅದಕ್ಕ ಒಂದು ಮುಚ್ಚಿದೆ."

"ಓಣಿ ಕಡಿಗೆ ಕಿಡಕಿ ಎಷ್ಟು?"

"ನಾಲ್ಕು."

"ಯಾಕ?"

"ಹಾದು ಹೋಗೋರಿಗೆ ಚಂದ ಕಾಣತಾವ್ರಿ."

"ಒಂದು ಮುಚ್ಚು ಅಂತ ಶಾಸ್ತ್ರ ಹೇಳ್ತು. ಯಾವುದು ಮುಚ್ಚು ಅಂತ ಹೇಳಲಿಲ್ಲ. ಅದು ನೀ ಹೇಳಿದಿ."

ಮಾನಪ್ಪ ಜಾರುತ್ತಿದ್ದ ಕೊಡವನ್ನು ಎರಡೂ ಕೈಯಿಂದ ಅವುಚಿಕೊಂಡ.

"ಬಾಗಲಾ ಬೇಕು ಅಂತ ಆಕಿ ಕೇಳಿದ್ಲೇನು?"

"ಮೂರು ಸಲ ಕೇಳಿದ್ಲ್ರಿ. ಮದುವಿಯಾದ ವರ್ಷಾನ ಮನಿ ಕಟ್ಟಿದೆ, ಆಗ ಕೇಳಿದ್ಲು. ಮಗಳು ಹೊಟ್ಟ್ಯಾಗ ಇದ್ದಾಗ ಕೇಳಿದ್ಲು. ಮಗಳ ಮದುವಿ ಮಾಡಿ ಕಳಿಸಿದ ಮರುದಿನ ಕೇಳಿದ್ಲು. 'ಇನ್ನ ಮಗಳೂ ಇಲ್ಲ ಕೈಯಾಸರಿಗೆ, ನೀರಿನ ದಾರಿಯಾದ್ರೂ ಹತ್ತರ ಮಾಡ್ರಿ' ಅಂದ್ಲು."

"ನೀ ಏನಂದಿ?"

"ನಕ್ಕೆರಿ."

ಹೊಳೆಯ ಮೇಲೆ ಹಕ್ಕಿಗಳು ಹಾದುಹೋದವು. ಅಜ್ಜನವರು ಅವುಗಳ ಕಡೆ ಮುಖ ತಿರುಗಿಸಿದರು. ಕಲಿಸುವವನಿಗೂ ನೋವಿರುತ್ತದೆ, ದೇವರೇ ಬಲ್ಲ.

ಕೊನೆಗೆ ಮಾನಪ್ಪ ಕೊಡವನ್ನು ಉಸುಕಿನ ಮೇಲೆ ಇಳಿಸಿ, ಮುಖ ಒರೆಸಿಕೊಂಡ.

"ಇವತ್ತ ಗ್ವಾಡಿ ಒಡೀತೀನ್ರಿ. ಓಣಿ ಕಿಡಕಿ ಒಂದು ಮುಚ್ಚತೀನಿ. ಬಾಗಲದಾಗ ಕೊಡ ಇಡಾಕ ಕಟ್ಟಿ ಮಾಡತೀನಿ, ಆಕಿ ಸೊಂಟದ ಎತ್ತರಕ್ಕ."

"ಎತ್ತರ ಎಷ್ಟಂತ ಗೊತ್ತೈತೇನು?"

ಹತ್ತೂರ ಅಳತೆ ಬಲ್ಲ ಮಾನಪ್ಪ ತಲೆ ತಗ್ಗಿಸಿದ. "ಕೇಳಬೇಕ್ರಿ."

"ಹೂಂ."

"ಅಜ್ಜಾ, ಇಷ್ಟು ಮಾಡಿದ ಮ್ಯಾಲಾದ್ರೂ ಹೇಳಿ ಕಳಸ್ತೀರಲ್ರಿ?"

"ಇಲ್ಲ."

"ಬಾಗಲಾ ಇಟ್ಟ ಮ್ಯಾಲೆ ಬರ್ತಾಳಲ್ರಿ?"

ಅಜ್ಜನವರು ಎದ್ದು, ಮೈಗಂಟಿದ ಉಸುಕು ಕೊಡವಿ, ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು.

"ಇಪ್ಪತ್ತೆರಡು ವರ್ಷ ಆಕಿ ಕಾದ್ಲು, ಮಾನಪ್ಪ. ನೀ ಇವತ್ತ ಸುರು ಮಾಡು."