ತಂಗಿಯ ಕೈಯ ರೊಟ್ಟಿ

ನೈಲ್ ನದಿಯ ದಡದಲ್ಲಿ ಒಂದಾನೊಂದು ಕಾಲಕ್ಕೆ ಕ್ರಿಸ್ತನನ್ನು ನಂಬುವ ಒಂದು ಚಿಕ್ಕ ಗುಂಪು ಇತ್ತು. ಅರಿವೇ ಬಿಡುಗಡೆ ಅನ್ನುವವರು. ಊರವರು ಅವರನ್ನು ಗ್ನೋಸ್ಟಿಕರು ಎಂದು ಕರೆದು, ದೂರ ಕೂರುತ್ತಿದ್ದರು.

ಅವರ ಗುರು ತಯೇಸಿ ಎಂಬ ಮುದುಕಿ. ಎಲ್ಲರಿಗೂ ಅಮ್ಮ.

ಅಲ್ಲಿ ಒಂದು ಪದ್ಧತಿ. ಪ್ರತಿ ಕೂಟದಲ್ಲೂ ತಮ್ಮ ತಮ್ಮ ಗುರುತಿನ ಮಡಕೆ ಚೂರನ್ನು ಎಲ್ಲರೂ ಒಂದು ಗಡಿಗೆಗೆ ಹಾಕುವುದು. ತಯೇಸಿ ನೋಡದೆ ಕೈ ಹಾಕಿದಾಗ ಯಾರ ಚೂರು ಬಂತೋ, ಗಂಡಾಗಲಿ ಹೆಣ್ಣಾಗಲಿ, ಅಂದು ಅವರೇ ಮುಂದೆ ನಿಂತು ರೊಟ್ಟಿ ಹರಸಿ ಹಂಚಬೇಕು.

ಶಿಷ್ಯ ಪಮುನನಿಗೆ ಪರಲೋಕದ ವಂಶಾವಳಿ ಪೂರ್ತಿ ಬಾಯಿಪಾಠವಾಗಿತ್ತು. ದೇವರೇ ಮರೆತಿರಬಹುದಾದ ಹೆಸರುಗಳೂ ಅವನಿಗೆ ಗೊತ್ತಿದ್ದವು. ಅವನ ಚೂರು ಮಾತ್ರ ಒಮ್ಮೆಯೂ ಬಂದಿರಲಿಲ್ಲ.

ಆ ದಿನ ಬಂದದ್ದು ಅವನ ತಂಗಿ ನೊನ್ನಾಳ ಚೂರು. ಅವಳು ಗುಂಪಿಗೆ ಸೇರಿದ್ದೇ ಮೊನ್ನೆ ಮೊನ್ನೆ.

ಪಮುನ ಎದ್ದು ಹೊರಟ. ದಡದಲ್ಲಿ ಕೂತು, ದೋಣಿ ಕಾಯುತ್ತ ಬಟ್ಟೆಬರೆಯ ಗಂಟು ಕಟ್ಟತೊಡಗಿದ.

ತಯೇಸಿ ಹಿಂದೆಯೇ ಬಂದು ಪಕ್ಕದಲ್ಲಿ ಕೂತಳು.

"ಎಲ್ಲಿಗಪ್ಪಾ?"

"ಆಚೆ ದಡದ ಸಭೆಗೆ. ಅಲ್ಲಿ ಗಡಿಗೆ ಗಿಡಿಗೆ ಇಲ್ಲ. ಗಂಡಸರೇ ರೊಟ್ಟಿ ಹಂಚುತ್ತಾರೆ."

"ನನ್ನ ಹತ್ತಿರ ಕಲಿತೆ ಅಂತ ಹೇಳಿಬಿಟ್ಟೀಯ. ಹೆಂಗಸಿನ ಶಿಷ್ಯನನ್ನು ಸೇರಿಸಿಕೊಳ್ಳಲ್ಲ."

"ನಿಮ್ಮ ಮಾತು ಬೇರೆ ಅಮ್ಮ. ನೀವು ಹೆಣ್ತನ ದಾಟಿದವರು. ಗಂಡಸಿಗೆ ಸಮ."

ತಯೇಸಿ ಗಲ್ಲ ಸವರಿಕೊಂಡಳು. "ಗಡ್ಡ ಇನ್ನೂ ಬಂದಿಲ್ಲವಲ್ಲೋ."

ಪಮುನ ನಗಲಿಲ್ಲ. "ನೊನ್ನಾಳ ಮೂಗು ಒರೆಸಿದ ಕೈ ಇದು. ಇದನ್ನೇ ಅವಳ ಮುಂದೆ ಚಾಚಲೇ?"

"ನೀನು ಒರೆಸುವಾಗ ಅವಳಿಗೆ ನಾಚಿಕೆ ಆಗಿತ್ತೇ?"

"ಅವಳಿಗೇನು, ಕೂಸು." ಅವನು ಗಂಟು ಬಿಗಿದ. "ಅದೂ ಅಲ್ಲದೆ ನಮ್ಮ ಕಥೆಯೇ ಹೇಳುತ್ತದೆ. ಪರಲೋಕದಲ್ಲಿ ವಿವೇಕವೆಂಬ ತಾಯಿ ತಪ್ಪು ಮಾಡಿದಳು, ಅದರಿಂದಲೇ ಈ ಲೋಕ ಹೀಗಿದೆ ಅಂತ."

"ಅವಸರ ಮಾಡಬೇಡ, ಸರಿಯಾಗಿ ಒಪ್ಪಿಸು. ತಪ್ಪಿನಿಂದ ಯಾರು ಹುಟ್ಟಿದ?"

"ಒಬ್ಬ ಮಗ. ಈ ಲೋಕ ಕಟ್ಟಿದವನು ಅವನು."

"ಕಟ್ಟಿ ಏನಂದ?"

"ನನಗಿಂತ ಮೇಲೆ ಯಾರೂ ಇಲ್ಲ ಅಂದ."

"ಯಾಕೆ ಹಾಗಂದ?"

ಪಮುನನ ಬಾಯಿಪಾಠದಲ್ಲಿ ಅದು ಇರಲಿಲ್ಲ.

ದೋಣಿ ದಡ ಮುಟ್ಟಿತು. ಅಂಬಿಗ ಕೂಗಿದ. ಅಷ್ಟರಲ್ಲಿ ಮರಳಿನ ಮೇಲೆ ಏದುಸಿರು ಬಿಡುತ್ತ ನೊನ್ನಾ ಬಂದಳು. ಕೈಯಲ್ಲಿ ರೊಟ್ಟಿಯ ತುಂಡು.

"ಅಣ್ಣ, ಮೊದಲ ತುಂಡು ನಿನಗೇ ಅಂತ ಎತ್ತಿಟ್ಟೆ. ನೀನು ತಿನ್ನದೆ ಉಳಿದವರಿಗೆ ಹಂಚಲ್ಲ. ಬೇಕು ಅನ್ನು, ಬೇಡ ಅನ್ನು, ಏನಾದರೂ ಬೇಗ ಹೇಳು. ಅಲ್ಲಿ ಎಲ್ಲರೂ ಹಸಿದು ನನ್ನನ್ನು ಬೈಯುತ್ತಿದ್ದಾರೆ."

ಮಾತಾಡುತ್ತಲೇ ಅವಳು ಮತ್ತೆ ಮತ್ತೆ ಹಿಂದೆ, ಕೂಟದ ಕಡೆ ನೋಡುತ್ತಿದ್ದಳು. ಅವಳಿಗೂ ಹೆದರಿಕೆ ಇರಬಹುದೆಂದು ಪಮುನನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅಂಬಿಗ ಮತ್ತೊಮ್ಮೆ ಕೂಗಿ, ಗೊಣಗಿಕೊಂಡು ದೋಣಿ ತಿರುಗಿಸಿದ.

ಪಮುನ ಗಂಟು ಬಿಟ್ಟು ಎರಡೂ ಕೈ ಚಾಚಿದ. ರೊಟ್ಟಿ ತಿಂದ. ನೊನ್ನಾ ಬಂದಷ್ಟೇ ಬೇಗ ಓಡಿಹೋದಳು.

ಗಂಟು ಬಿಚ್ಚುತ್ತ ಅವನು ಕೇಳಿದ. "ಅಮ್ಮ, ಲೋಕ ಕಟ್ಟಿದ ಆ ಮಗ ಅಷ್ಟು ಕೆಟ್ಟವನೇ?"

ತಯೇಸಿ ಅವನ ಭುಜ ಹಿಡಿದು ಮೇಲೆದ್ದಳು.

"ಕೆಟ್ಟವನಲ್ಲ ಕಣೋ. ಸುತ್ತ ನೋಡಿದ, ತಾಯಿ ಕಾಣಲಿಲ್ಲ. ತಾನೇ ತಾನಾಗಿ ಹುಟ್ಟಿದೆ ಅಂದುಕೊಂಡ."