ತುಪ್ಪಳ ಅಂಟಿಸಿಕೊಂಡ ಬೋರ

ಹಿಮ ಎಂದರೇನೆಂದೇ ತಿಳಿಯದ ಒಂದು ಕುರುಚಲು ಕಾಡಿತ್ತು, ಮಕ್ಕಳೇ. ಅಲ್ಲಿದ್ದದ್ದು ಜಾಲಿಮರ, ಮರಳು, ಒಂದು ಕೆರೆ. ಕೆರೆಯ ದಂಡೆಗೆ ಒಂದೇ ಒಂದು ಆಲದ ಮರ.

ಚಳಿಗಾಲಕ್ಕೆ ಆ ಕೆರೆಗೆ ಹಾರಿಬರುತ್ತಿದ್ದ ಹೆಬ್ಬಾತು ಒಮ್ಮೆ, ತನ್ನ ಊರಲ್ಲಿ ನಾಯಿಗಳು ಹಿಮದ ಮೇಲೆ ಗಾಡಿ ಎಳೆದು ಪಂದ್ಯ ಆಡುವುದನ್ನು ಬಣ್ಣಿಸಿತು. ಕಾಡಿನವರಿಗೂ ಆಸೆಯಾಯಿತು. ಹಿಮವಿಲ್ಲದಿದ್ದರೇನು, ಗಾಡಿಗೆ ಚಕ್ರ ಕಟ್ಟಿದರಾಯಿತು! ಗೆದ್ದವರಿಗೆ ಬೇಸಿಗೆಯಿಡೀ ಆಲದ ನೆರಳು ಎಂದು ತೀರ್ಮಾನವಾಯಿತು.

ಬೋರನೆಂಬ ನಾಯಿಯದು ಒಣಕಲು ಮೈ. ಆದರೆ ಓಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಅವನ ಗಾಡಿ ನಡೆಸುವವಳು ಮೊಲಮ್ಮ. ನಾಯಿ ಮುಂದೆ, ಮೊಲ ಹಿಂದೆ! ಅವರು ಅಭ್ಯಾಸ ಮಾಡುವ ಆ ಚಂದ ನೋಡಲು ಕಾಡೆಲ್ಲ ಸೇರುತ್ತಿತ್ತು. ಮೊಲಮ್ಮನಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಹೋದ ಬೇಸಿಗೆಯ ಬಿಸಿಲಿಗೆ ಅವಳ ಮರಿಗಳು ಬಳಲಿ ಬೆಂಡಾಗಿದ್ದವು. ಈ ಸಲ ಅವಕ್ಕೆ ಆ ನೆರಳು ಬೇಕೇ ಬೇಕಿತ್ತು.

ಪಂದ್ಯದ ಹಿಂದಿನ ದಿನ ಬೋರ ಕೇಳಿದ, "ಬಾತಣ್ಣ, ನಿಮ್ಮೂರ ನಾಯಿಗಳು ನೋಡೋಕೆ ಹೇಗಿರ್ತವೆ?"

"ಮೈತುಂಬ ದಟ್ಟ ತುಪ್ಪಳ ಕಣಪ್ಪ. ಥೇಟು ಕುರಿ ಹಾಗೆ."

ಬೋರ ತನ್ನ ಬೋಳು ಬೆನ್ನನ್ನು ನೋಡಿಕೊಂಡ. ನಾಚಿಕೆಯಾಯಿತು. ನೇರ ಕುರಿಗಳ ಬಳಿ ಹೋಗಿ, ಅವುಗಳ ಮೈಯಿಂದ ಉದುರಿ ಬಿದ್ದಿದ್ದ ಉಣ್ಣೆಯನ್ನೆಲ್ಲ ಬೇಡಿ ತಂದ. ಜಾಲಿಯ ಅಂಟು ಬಳಿದು ಮೈಗೆಲ್ಲ ಅಂಟಿಸಿಕೊಂಡ.

ಬೆಳಿಗ್ಗೆ ಮೊಲಮ್ಮ ಗಾಬರಿಯಾದಳು. "ಇದೇನೋ ವೇಷ? ಕಿತ್ತುಹಾಕೋ, ಬಿಸಿಲೇರುತ್ತೆ!"

"ನಿನಗೇನು ಗೊತ್ತು ಮೊಲಕ್ಕ? ಗಾಡಿ ಎಳೆಯೋ ನಾಯಿ ಅಂದ್ರೆ ಹೀಗೇ ಇರಬೇಕು."

ಕಿತ್ತುಹಾಕೋಣವೆಂದರೂ ಅಂಟು ಒಣಗಿ ಬಿಗಿದಿತ್ತು ಬಿಡಿ.

ಎದುರಾಳಿ ಒಂದು ಮುದಿ ನರಿ. ಅದರ ಗಾಡಿಯಲ್ಲಿ ಮುಂಗುಸಿ. ಪಂದ್ಯ ಶುರುವಾದಾಗ ಬೋರನೇ ಮುಂದಿದ್ದ. ಅಷ್ಟರಲ್ಲಿ ಬಿಸಿಲು ಚುರುಗುಟ್ಟಿತು. ಉಣ್ಣೆಯೊಳಗೆ ಬೋರ ಬೆಂದುಹೋದ. ನಾಲಿಗೆ ನೆಲ ಮುಟ್ಟಿತು. ಕೆರೆ ಕಂಡದ್ದೇ ತಡ, ದಾರಿ ಬಿಟ್ಟು ಆ ಕಡೆ ತಿರುಗಿದ.

"ನಿಲ್ಲೋ! ನಿಲ್ಲೋ!" ಎಂದು ಮೊಲಮ್ಮ ಕೂಗುತ್ತಿದ್ದಂತೆಯೇ ನಾಯಿ, ಗಾಡಿ, ಮೊಲ ಮೂರೂ ನೀರಿಗೆ ಬಿದ್ದವು. ನೀರು ಕುಡಿದ ಉಣ್ಣೆ ಕಲ್ಲಿನಷ್ಟು ಭಾರವಾಯಿತು. ಬೋರನಿಗೆ ಕಾಲೆತ್ತಲೂ ಆಗಲಿಲ್ಲ.

ನರಿ ದಂಡೆಯ ಮೇಲೆ ಆರಾಮಾಗಿ ಹಾದುಹೋಗುತ್ತ ವಿಚಾರಿಸಿತು, "ಏನು ಬೋರಣ್ಣ, ಹಿಮ ಸಿಕ್ತಾ?"

ಪಂದ್ಯ ಮುಗಿಯಿತು, ನೆರಳು ನರಿಯ ಪಾಲಾಯಿತು. ಮೊಲಮ್ಮ ಒದ್ದೆ ಕಿವಿ ಹಿಂಡಿಕೊಂಡು ಮರಿಗಳ ಬಳಿ ನಡೆದಳು. ಪಾಪ, ಅವಳದೇನು ತಪ್ಪಿತ್ತು?

ಬೋರ ಹೆಬ್ಬಾತಿನ ಮೇಲೆ ಹರಿಹಾಯ್ದ. "ನೀನು ಹೇಳಿದ ಹಾಗೇ ಮಾಡಿದ್ನಲ್ಲ!"

"ತುಪ್ಪಳ ಇರೋದು ಅಲ್ಲಿನ ಚಳಿಗಪ್ಪಾ," ಎಂದಿತು ಹೆಬ್ಬಾತು. "ಓಡೋಕೆ ಅವಕ್ಕೂ ಕಾಲೇ ಬೇಕು. ಅದು ನಿನಗೆ ಮೊದಲೇ ಇತ್ತಲ್ಲ!"

ನೀತಿ: ಬೇರೆ ನಾಡಿನ ಆಟವನ್ನು ಕಲಿತು ಆಡಬಹುದು, ಆದರೆ ನಮ್ಮ ನೆಲ, ನಮ್ಮ ಬಿಸಿಲು, ನಮ್ಮ ಮೈಗೆ ಒಗ್ಗುವಂತೆ ಆಡಬೇಕು.