ಗೌಡರ ಪ್ರೀಮಿಯಂ ಪಿಕಪ್

ಅಕ್ಕಿ ಗಿರಣಿಯ ಕೊಟ್ರಗೌಡರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೆ ಪೆಟ್ರೋಲಿನ ಮಾತು ಬಂದರೆ ಅವರನ್ನು ಮೀರಿಸುವವರಿರಲಿಲ್ಲ. ಅವರ ಕಾರಿಗೆ ದುಬಾರಿ ಪ್ರೀಮಿಯಂ ಪೆಟ್ರೋಲೇ ಆಗಬೇಕು. ಕಾರು ಗ್ಯಾಸಿನಲ್ಲೂ ಓಡಲೆಂದು ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿದ್ದರೂ, "ಅದು ಆಟೋದವರ ಮೇವು, ಮುಟ್ಟಬೇಡ" ಎಂದು ಡ್ರೈವರ್ ಹಾಲೇಶಿಗೆ ತಾಕೀತು ಮಾಡಿದ್ದರು.

ಒಂದು ದಿನ ಬೀಗರ ಎದುರಿಗೇ ಗೌಡರು ಗುಡುಗಿದರು. "ಕಳ್ಳ ನನ್ಮಗನೇ, ಮಾಮೂಲಿ ಪೆಟ್ರೋಲ್ ಹಾಕ್ಸಿ ಉಳಿದಿದ್ದು ಜೇಬಿಗಿಳಿಸ್ತೀಯಾ? ಪಿಕಪ್ ನೋಡಿದ್ರೇ ನಂಗೆ ಗೊತ್ತಾಗುತ್ತೆ. ನಾಳೆಯಿಂದ ಬರಬೇಡ!"

ಹನ್ನೆರಡು ವರ್ಷ ಸ್ಟೇರಿಂಗ್ ಹಿಡಿದವನಿಗೆ ಕೆಲಸ ಹೋದದ್ದಕ್ಕಿಂತ ಕಳ್ಳ ಅನ್ನಿಸಿಕೊಂಡದ್ದು ಉರಿಯಿತು. ಹಾಲೇಶಿ ಕೈಮುಗಿಯಲಿಲ್ಲ.

"ಆಯ್ತು ಗೌಡ್ರೇ. ಇಬ್ಬರೂ ಕೂತ್ಕಳ್ರಿ. ನಿಮ್ಮ ಕಣ್ಣೆದುರೇ ಪ್ರೀಮಿಯಂ ಹಾಕಿಸ್ತೀನಿ. ಪಿಕಪ್ ನೋಡಿ, ಆಮೇಲೆ ಹೋಗ್ತೀನಿ."

ಬಂಕಿನಲ್ಲಿ ಹಾಕಿಸಿಯೂ ಹಾಕಿಸಿದ. ಕಾರು ಗುಡ್ಡದ ಏರು ಹತ್ತಿತು.

"ನೋಡ್ರಿ ಬೀಗರೇ, ಹೆಂಗೆ ಹಾರ್ತಿದೆ! ಪ್ರೀಮಿಯಂ ಅಂದ್ರೆ ಇದು!" ಗೌಡರು ಸೀಟಿನಲ್ಲೇ ಕುಣಿದರು.

ಹಾಲೇಶಿ ಸ್ಟೇರಿಂಗ್ ಪಕ್ಕದ ಹಸಿರು ದೀಪ ತೋರಿಸಿದ. "ಬಂಕ್ ದಾಟಿದ ಕೂಡಲೇ ಗ್ಯಾಸಿನ ಸ್ವಿಚ್ ಒತ್ತಿದೀನಿ, ಗೌಡ್ರೇ. ಇದು ಹಾರ್ತಿರೋದು ಆಟೋದವರ ಮೇವು ತಿಂದು."

ಗೌಡರು ಮುಂದಕ್ಕೆ ಬಗ್ಗಿ ದೀಪ ನೋಡಿದರು. ಬೀಗರು ಹೊಟ್ಟೆ ಹಿಡಿದು ನಕ್ಕರು. "ತಮ್ಮಾ, ನಮ್ಮನೆ ಕಾರಿಗೆ ಬರ್ತೀಯಾ?"

"ಏ, ಬಿಡೋದಿಲ್ಲ! ಅವನು ನಮ್ಮವನು!" ಎಂದರು ಗೌಡರು.

ಹಾಲೇಶಿ ಏರಿನ ನಡುವೆಯೇ ಬ್ರೇಕ್ ಒತ್ತಿದ. "ಬೀಗರೆದುರು ಕಳ್ಳ ಅಂದ್ರಿ. ಬೀಗರೆದುರೇ ಅಲ್ಲ ಅನ್ನಿ."

ಗೌಡರು ಕಿಟಕಿಯಾಚೆಯ ಪ್ರಪಾತ ನೋಡಿದರು. ಮೀಸೆಯೊಳಗೇ ಏನೋ ಅಂದರು.

"ಬೀಗರಿಗೆ ಕೇಳಿಸ್ಲಿಲ್ಲ ಗೌಡ್ರೇ," ಎಂದ ಹಾಲೇಶಿ. "ಇಂಜಿನ್ ಆರಿಸ್ಲಾ?"